ಕಮ್ಮಿ ಮಾರ್ಕ್ಸ್ ಬಂತಂತ ಗಾಬರಿಯಾಗಿ ಅಡ್ವಾನ್ಸ್ ಕಟ್ಟಬೇಡಿ

ಯಾದಗಿರಿ: ದ್ವಿತೀಯ ಪಿಯುಸಿ ಪರೀಕ್ಷೆ-1ರ ರಿಸಲ್ಟ್ 2025ರ ಏಪ್ರಿಲ್ 8ಕ್ಕೆ ಬಂತು. 2024ರಲ್ಲಿ ಶೇ. 81.15 ಇದ್ದ ರಾಜ್ಯದ ಫಲಿತಾಂಶ 2025ರಲ್ಲಿ ಶೇ. 73.45ಕ್ಕೆ ಇಳಿಯಿತು. ಆಗ ನಮ್ಮ ಜಿಲ್ಲೆ ಶೇ. 48.45 ಪಡೆದು ರಾಜ್ಯದಲ್ಲೇ ಕೊನೆಯಲ್ಲಿತ್ತು. ಅಂದ್ರೆ ಬರೆದ ಇಬ್ಬರಲ್ಲಿ ಒಬ್ಬರು ಫೇಲ್. ಪಾಸಾದವರಲ್ಲೂ 40, 45 ಪರ್ಸೆಂಟ್ ಹಿಡ್ಕೊಂಡು ಮುಂದೇನು ಅಂತ ಕೂತವರು ಬಹಳ ಮಂದಿ.

ಫೇಲಾದವರ ಬಗ್ಗೆ ಎಲ್ಲರೂ ಮಾತಾಡ್ತಾರೆ. ಕಮ್ಮಿ ಮಾರ್ಕ್ಸಲ್ಲಿ ಪಾಸಾದವರ ಮನೆಯ ಗಾಬರಿನೇ ಬೇರೆ. ಆ ಗಾಬರಿ ಮೇಲೆ ವ್ಯಾಪಾರ ನಡೀತದೆ. "ಸೀಟು ಮುಗೀಲಿಕ್ಕತ್ತಾವ್ರಿ, ಇವತ್ತೇ ಅಡ್ವಾನ್ಸ್ ಕಟ್ರಿ, ಒರಿಜಿನಲ್ ಕಾಗದ ಕೊಟ್ಟು ಹೋಗ್ರಿ" ಅನ್ನೋ ಏಜೆಂಟರ ಮಾತು ನಂಬಿ ರೊಕ್ಕ ಕಟ್ಟೋ ಮೊದಲು ನಾಲ್ಕು ಸಂಗತಿ ಗೊತ್ತಿರಲಿ.

ಒಂದು, ಪರೀಕ್ಷೆ-1ರ ಮಾರ್ಕ್ಸೇ ಕೊನೆಯಲ್ಲ. 2025ರಲ್ಲಿ ಪರೀಕ್ಷೆ-2 ಏಪ್ರಿಲ್ 24ರಿಂದ ಇತ್ತು, ಆಮೇಲೆ ಪರೀಕ್ಷೆ-3. ಪಾಸಾದವರೂ ಬರೀಬಹುದಿತ್ತು. ಮೂರರಲ್ಲಿ ಯಾವ ವಿಷಯಕ್ಕೆ ಎಲ್ಲಿ ಹೆಚ್ಚು ಬಂದಿತ್ತೋ ಅದೇ ಲೆಕ್ಕಕ್ಕಿತ್ತು. ಮಾರ್ಕ್ಸ್ ಕಮ್ಮಿಯಾದ್ರೂ ನಷ್ಟ ಇರಲಿಲ್ಲ.

ಎರಡು, ಬಿಎ, ಬಿಕಾಂ ಸೇರಲು ಪಿಯು ಪಾಸಾಗಿದ್ರೆ ಅರ್ಹತೆ ಇದೆ. ಡಿಗ್ರಿ ಮತ್ತೆ ಮೂರೇ ವರ್ಷಕ್ಕೆ ಬಂದಿದೆ. ಮೊದಲು ತಾಲೂಕಿನ ಸರ್ಕಾರಿ ಕಾಲೇಜಿನಲ್ಲಿ ವಿಚಾರಿಸಿ. ಸೈನ್ಸ್ ಪಾಸಾದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಪ್ರವೇಶದ ದಾರಿಯೂ ಇದೆ. ಡಿಪ್ಲೊಮಾ ಆದಮೇಲೆ ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಆದ್ರೆ ಸಿಇಟಿಯಿಂದ ಇಂಜಿನಿಯರಿಂಗ್ ಸೀಟಿಗೆ ಸಂಬಂಧಪಟ್ಟ ವಿಷಯಗಳಲ್ಲಿ ಶೇ. 45, ಮೀಸಲಾತಿ ಇದ್ದವರಿಗೆ ಶೇ. 40 ಬೇಕೇ ಬೇಕು. ಅದಿಲ್ಲದೆ "ನಾನು ಸೀಟು ಮಾಡಿಸ್ತೀನಿ" ಅಂದ್ರೆ ನಂಬಬೇಡಿ.

ಮೂರು, ನಾವು ಕಲ್ಯಾಣ ಕರ್ನಾಟಕದವರು. 371(ಜೆ) ಪ್ರಕಾರ ಈ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8 ಸೀಟು ಮೀಸಲು. ಇದರ ಅರ್ಹತಾ ಪತ್ರ ಕೊಡೋದು ಸಹಾಯಕ ಆಯುಕ್ತರು. ಕೊನೆ ದಿನ ಓಡಾಡೋ ಬದಲು ಈಗಲೇ ಅರ್ಜಿ ಹಾಕಿ.

ನಾಲ್ಕು, ಯುಜಿಸಿ 2018ರಲ್ಲೇ ನಿಯಮ ಮಾಡಿದೆ. ಕಾಲೇಜಿನವರು ಒರಿಜಿನಲ್ ಮಾರ್ಕ್ಸ್ ಕಾರ್ಡ್ ನೋಡಿ ವಾಪಸ್ ಕೊಡಬೇಕು, ಇಟ್ಕೊಳ್ಳುವಂತಿಲ್ಲ. ಪ್ರವೇಶದ ಕೊನೆ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ರೆ ಪೂರ್ತಿ ಫೀಸು ವಾಪಸ್, ಹೆಚ್ಚೆಂದರೆ ಶೇ. 5, ಅದೂ 5,000 ರೂಪಾಯಿ ಮೀರದಂತೆ, ಹಿಡಿಯಬಹುದು. ಕೊನೆ ದಿನ ಮುಗಿದು ತಿಂಗಳು ದಾಟಿದ್ರೆ ಏನೂ ಬರಲ್ಲ.

ಡಿಗ್ರಿ ಅರ್ಧಕ್ಕೆ ಬಿಟ್ಟವನಾಗಿ ಒಂದು ಮಾತು: ಸೀಟು ಹಿಡಿಯೋದಕ್ಕಿಂತ ಮೂರು ವರ್ಷ ಉಳಿಯೋದು ಕಷ್ಟ. ಕೋರ್ಸಿನ ಹೆಸರು ನೋಡುವಾಗಲೇ ಬಸ್ ಪಾಸು, ಹಾಸ್ಟೆಲ್, ಮೂರು ವರ್ಷದ ಫೀಸು ಕೂಡಿಸಿ ನೋಡಿ. ಅಂಗಡಿ ನಡೆಸೋರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಮಾಲು ನೋಡದೆ ರೊಕ್ಕ ಕೊಡಲ್ಲ, ರಸೀದಿ ಇಲ್ಲದೆ ಬಿಡಲ್ಲ. ಮಕ್ಕಳ ಅಡ್ಮಿಷನ್‌ಗೂ ಅದೇ ನಿಯಮ ಇರಲಿ.