ಎದೆ ಹೊಡ್ಕೊಳ್ಳೋ ಕಾಯಿಲೆಗೆ ಯಾವ ಕೌಂಟರು?



ವಿಶ್ವವಿದ್ಯಾಲಯಕ್ಕೆ ಸೇರುವ ದಿನ ಕೈಗೊಂದು ಬಣ್ಣದ ಪುಸ್ತಕ ಕೊಡ್ತಾರೆ. ಮೊದಲ ಪುಟದಲ್ಲಿ ಕುಲಪತಿಗಳ ಫೋಟೋ. ಕೊನೆಯ ಪುಟದಲ್ಲಿ 'ವಿದ್ಯಾರ್ಥಿ ಬೆಂಬಲ ಸೇವೆಗಳು' ಅಂತ ಒಂದು ಪಟ್ಟಿ: ಆಪ್ತಸಮಾಲೋಚನಾ ಕೇಂದ್ರ, ಸಮಾನ ಅವಕಾಶ ಕೋಶ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕೋಶ, ಪರಿಹಾರ ಬೋಧನೆ, ಉದ್ಯೋಗ ಮಾರ್ಗದರ್ಶನ. ಓದಿದರೇ ಹೊಟ್ಟೆ ತುಂಬುತ್ತೆ. ಆ ಪಟ್ಟಿ ಹಿಡಿದು ನಾನೊಮ್ಮೆ ಬಾಗಿಲು ಬಾಗಿಲು ತಿರುಗಿದೆ. ವಿಶ್ವವಿದ್ಯಾಲಯದ ಹೆಸರು ಬೇಡ. ನೀವು ಓದ್ತಿರೋದರ ಹೆಸರು ಹಾಕ್ಕೊಂಡು ಓದಿ, ನಡೆಯುತ್ತೆ.

ಎಂ.ಎ. ಮೊದಲ ವರ್ಷ. ಸ್ಕಾಲರ್‌ಶಿಪ್ಪು ಬಂದಿರಲಿಲ್ಲ. ಎಸ್‌ಎಸ್‌ಪಿ ಅನ್ನೋ ಕಂಪ್ಯೂಟರ್ ದೇವರಿಗೆ ಏನೆಲ್ಲಾ ನೈವೇದ್ಯ ಬೇಕು ಅಂತ ನಿಮಗೆ ಗೊತ್ತು. ಜಾತಿ ಪತ್ರದ ನಂಬರು, ಆದಾಯ ಪತ್ರದ ನಂಬರು, ಇ-ದೃಢೀಕರಣ, ಬ್ಯಾಂಕಿಗೆ ಆಧಾರ್ ಜೋಡಣೆ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ದೇವರು ಮುನಿಸ್ಕೊಳ್ಳುತ್ತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಅಪ್ಪನ ಹೆಸರಿಗೆ 'ಯ್ಯ' ಇದೆ, ಆಧಾರಿನಲ್ಲಿ ಇಲ್ಲ. ಹೆಸರಿನ ಕೊನೆಗೆ 'ಯ್ಯ' ಸೇರಿಸ್ಕೊಳ್ಳೋಕೆ ನಮ್ಮ ಕೇರಿಯವರು ಎಷ್ಟು ತಲೆಮಾರು ಕಾದರು ಅಂತ ಆ ಯಂತ್ರಕ್ಕೇನು ಗೊತ್ತು! ಸಮಾಜ ಕಲ್ಯಾಣದವರು ಕಾಲೇಜಿಗೆ ಹೋಗು ಅಂದರು, ಕಾಲೇಜಿನವರು ಬ್ಯಾಂಕಿಗೆ ಹೋಗು ಅಂದರು, ಬ್ಯಾಂಕಿನವರು ಸರ್ವರ್ ಇಲ್ಲ ಅಂದರು. ಅಷ್ಟರಲ್ಲಿ ಪರೀಕ್ಷಾ ಶುಲ್ಕದ ಕೊನೇ ದಿನಾಂಕದ ನೋಟೀಸು ಬಂತು. ಅದೇ ವಾರ ಕ್ಲಾಸಿನಲ್ಲಿ ಒಬ್ಬ ಮೇಷ್ಟ್ರು ನಗ್ತಾ, "ನಿಮಗೇನಪ್ಪಾ, ಎಲ್ಲಾ ಫ್ರೀ" ಅಂದರು. ಕ್ಲಾಸೂ ನಕ್ಕಿತು.

ರಾತ್ರಿ ನಿದ್ದೆ ಹೋಯಿತು. ಎದೆ ಡಬಡಬ ಹೊಡ್ಕೊಳ್ಳೋದು. ರೂಮಿನ ಗೆಳೆಯ ಹೆದರಿ ಆಪ್ತಸಮಾಲೋಚನಾ ಕೇಂದ್ರಕ್ಕೆ ಕರೆದುಕೊಂಡು ಹೋದ. ಮೆತ್ತನೆಯ ಕುರ್ಚಿ, ಗೋಡೆ ಮೇಲೆ ಸೂರ್ಯೋದಯದ ಚಿತ್ರ. ಮೇಡಂ ಒಳ್ಳೆಯವರೇ, ಮೆಲ್ಲಗೆ ಮಾತಾಡಿಸಿದರು. ಸಕಾರಾತ್ಮಕವಾಗಿ ಯೋಚಿಸಬೇಕು, ದಿನಾ ಪ್ರಾಣಾಯಾಮ ಮಾಡಬೇಕು, ಮೊಬೈಲು ಕಮ್ಮಿ ಮಾಡಬೇಕು ಅಂದರು. ಆಮೇಲೆ ಒಂದು ಫಾರಮ್ಮು ತೆಗೆದು, "ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಈ ಥರ ಇತ್ತಾ?" ಅಂತ ಕೇಳಿದರು.

ಇತ್ತು ಮೇಡಂ ಅಂದೆ. ನಮ್ಮಪ್ಪನಿಗೂ ಇತ್ತು, ತಾತನಿಗೂ ಇತ್ತು. ತಾತ ಗೌಡರ ಬೀದೀಲಿ ಚಪ್ಪಲಿ ಕೈಯಲ್ಲಿ ಹಿಡಿದು ಹೋಗುವಾಗ ಹೀಗೇ ಎದೆ ಹೊಡ್ಕೋತಿತ್ತಂತೆ. ಅಪ್ಪನಿಗೆ ತಾಲ್ಲೂಕು ಆಫೀಸಿನ ಮೆಟ್ಟಿಲು ಹತ್ತುವಾಗ. ನನಗೆ ನಿಮ್ಮ ಡಿಪಾರ್ಟ್‌ಮೆಂಟಿನಲ್ಲಿ.

ಆಕೆ ಫಾರಮ್ಮಿನಲ್ಲಿ ಏನೋ ಬರೆದುಕೊಂಡರು. 'ವಂಶಪಾರಂಪರ್ಯ' ಅಂತ ಬರೆದಿದ್ದರೆ ಅದು ನಿಜವೇ!

ಆಪ್ತಸಲಹೆಯನ್ನು ನಾನು ಹೀಗಳೆಯುತ್ತಿಲ್ಲ. ಮನಸ್ಸು ಭಾರವಾದಾಗ ಹೋಗಿ, ಮಾತಾಡಿ, ನಾಚಿಕೊಳ್ಳಬೇಡಿ. ರಾತ್ರಿಯಾದರೆ ಪಕ್ಕದ ರೂಮಿನವನನ್ನು ಎಬ್ಬಿಸಿ. ನನ್ನ ಜಗಳ ಬೇರೆ. ಪರೀಕ್ಷಾ ಶುಲ್ಕ ಕಟ್ಟೋಕಾಗದವನಿಗೆ ಉಸಿರು ಬಿಗಿಹಿಡಿಯೋಕೆ ಹೇಳಿಕೊಡೋದು ಯಾವ ಸೇವೆ ಸ್ವಾಮಿ? ನಗುವ ಕ್ಲಾಸು ಆರೋಗ್ಯವಂತ, ನಗೆಗೆ ಗುರಿಯಾದವನು ರೋಗಿ! ರೋಗ ನಮ್ಮ ತಲೆಯೊಳಗಿದೆ ಅಂತ ರಿಜಿಸ್ಟರಿನಲ್ಲಿ ಬರೆದುಬಿಟ್ಟರೆ ಡಿಪಾರ್ಟ್‌ಮೆಂಟು ಪಾರಾಯಿತು, ಗುಮಾಸ್ತ ಪಾರಾದ, ಕುಲಪತಿ ಪಾರಾದರು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡಿ. ವಿದ್ಯಾರ್ಥಿಗಳು ಸತ್ತರು. 2021ರ ಕೊನೆಯಲ್ಲಿ ಸಂಸ್ಥೆ ಹಾಸ್ಟೆಲು ಕೋಣೆಗಳ ಸೀಲಿಂಗ್ ಫ್ಯಾನು ಕಳಚಿಸಲು ಹೊರಟಿತು. 2023ರಲ್ಲಿ ರಾಜಸ್ಥಾನದ ಕೋಟಾದಲ್ಲಿ ಫ್ಯಾನಿಗೆ ಸ್ಪ್ರಿಂಗು ಹಾಕಿಸಿದರು. ವಿಜ್ಞಾನದ ಮಹಾಮಹಿಮರು ಕಂಡುಕೊಂಡ ಸತ್ಯ ಇದು: ತಪ್ಪು ಫ್ಯಾನಿನದು!

ಹೈದರಾಬಾದಿನ ರೋಹಿತ್ ವೇಮುಲನನ್ನು ನೆನೆಸ್ಕೊಳ್ಳಿ. ಐದು ಜನರನ್ನು ಹಾಸ್ಟೆಲಿನಿಂದ ಹೊರಗೆ ಹಾಕಿದರು. ಬಯಲಲ್ಲಿ ಮಲಗಿದರು. ರೋಹಿತನ ಫೆಲೋಶಿಪ್ಪು ಏಳು ತಿಂಗಳಿಂದ ಬರಬೇಕಿತ್ತು, ಒಂದು ಲಕ್ಷದ ಎಪ್ಪತ್ತೈದು ಸಾವಿರ. 2016ರ ಜನವರಿ 17ರಂದು ಬರೆದ ಕೊನೆಯ ಪತ್ರದಲ್ಲಿ ಆ ಹುಡುಗ ನಕ್ಷತ್ರಗಳ ಬಗ್ಗೆ ಬರೆದ, ವಿಜ್ಞಾನದ ಬಗ್ಗೆ ಬರೆದ, ಜೊತೆಗೆ ಈ ಬಾಕಿ ಹಣದ ಲೆಕ್ಕವನ್ನೂ ಬರೆದ. ನಕ್ಷತ್ರದ ಸಾಲು ಎಲ್ಲರ ಬಾಯಲ್ಲಿದೆ. ಕಣ್ಣೀರು ಸುರಿಸಿದ ಪ್ರೊಫೆಸರುಗಳಿಗೆ ಆ ಏಳು ತಿಂಗಳ ಲೆಕ್ಕ ಮಾತ್ರ ಯಾಕೋ ನೆನಪಿಗೆ ಬರಲ್ಲ. ಮೂರು ವರ್ಷ ಕಳೆದು, 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಡಾಕ್ಟರ್ ಪಾಯಲ್ ತಡ್ವಿ. ಇಬ್ಬರ ತಾಯಂದಿರೂ ಸೇರಿ ಅದೇ ವರ್ಷ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಮಕ್ಕಳನ್ನು ಮಣ್ಣು ಮಾಡಿದ ಅವ್ವಂದಿರು ಮಾಡಬೇಕಾದ ಕೆಲಸವಾ ಇದು?

ಬಾಬಾಸಾಹೇಬರಿಗೂ ಇದೇ ಆಗಿತ್ತು. ಬರೋಡದ ವಿದ್ಯಾರ್ಥಿವೇತನದ ಅವಧಿ ಮುಗಿದು, 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು ಬಂದರು. ಬರೋಡದಲ್ಲಿ ಕೆಲಸ ಸಿಕ್ಕಿತು, ಇರೋಕೆ ಕೋಣೆ ಸಿಗಲಿಲ್ಲ. ಜಾತಿ ಗೊತ್ತಾಗಿ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದು ಹೊರಡಿಸಿದರು. ಆಮೇಲೆ ಕೂಡಿಟ್ಟ ಸಂಬಳ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯನ ಸಾಲ, ಇಷ್ಟನ್ನೂ ಕಟ್ಟಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿದರು. ಹಸಿದವನಿಗೆ ಏನು ಬೇಕು ಅಂತ ಆ ಮನುಷ್ಯನಿಗೆ ಗೊತ್ತಿತ್ತು. ಅದಕ್ಕೇ ಬಹಿಷ್ಕೃತ ಹಿತಕಾರಿಣಿ ಸಭೆ 1924ರಲ್ಲಿ ಹುಟ್ಟಿ, 1925ರಲ್ಲೇ ಸೊಲ್ಲಾಪುರದಲ್ಲಿ ಒಂದು ಹಾಸ್ಟೆಲು ತೆರೆಯಿತು. ನಮ್ಮ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ಪು ಶುರುವಾದದ್ದು 1944ರಲ್ಲಿ, ಅವರು ವೈಸರಾಯ್ ಕೌನ್ಸಿಲಿನಲ್ಲಿದ್ದಾಗ. ಕೋಣೆ, ಅನ್ನ, ಕೈಗೆ ಕಾಸು. ಬೆಂಬಲ ಸೇವೆ ಅಂದರೆ ಇದು! ಇದು ಯಾವ ಕುಲಪತಿಯ ಕೃಪೆಯೂ ಅಲ್ಲ.

ಹಾಸ್ಟೆಲು ಏನು ಮಾಡಬಲ್ಲದು ಅಂತ ಅವರಿಗೂ ಗೊತ್ತು. 1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಬೂಸಾ ಮಾತು ಆಡಿದಾಗ ಅವರ ಮಂತ್ರಿ ಪದವಿ ಹೋಯಿತು, ದಲಿತ ಹುಡುಗರಿಗೆ ಏಟು ಬಿತ್ತು. ಆ ಏಟು ತಿಂದ ಹುಡುಗರಿಂದಲೇ ಈ ಚಳವಳಿ ಎದ್ದಿತು. ಅದಕ್ಕೇ ಇರಬೇಕು, ಇವತ್ತು ಹಾಸ್ಟೆಲಿನ ಸೋರುವ ಸೂರಿಗೆ ದುಡ್ಡಿಲ್ಲ, 'ವ್ಯಕ್ತಿತ್ವ ವಿಕಸನ' ಶಿಬಿರದ ಬ್ಯಾನರಿಗೆ ದುಡ್ಡಿದೆ.

ಇನ್ನು ಓದಿನ ಕಥೆ. 2021ರಲ್ಲಿ ಇಡೀ ದೇಶಕ್ಕೆ ಮೊದಲು ನಾವೇ ಅಂತ ಹೊಸ ಶಿಕ್ಷಣ ನೀತಿ ತಂದರು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ, ನಾಲ್ಕಕ್ಕೆ ಆನರ್ಸು. ಯಾರು ಒಂದಕ್ಕೆ ಹೊರಗೆ ಬರ್ತಾರೆ, ಯಾರು ನಾಲ್ಕನ್ನೂ ಮುಗಿಸ್ತಾರೆ? ನಮ್ಮ ಕೇರಿಯಲ್ಲಿ ಓದು ಬಿಟ್ಟವರಿಗೆ ಯಾವಾಗಲೂ ಬಾಗಿಲು ತೆರೆದೇ ಇತ್ತು, ಅದಕ್ಕೆ ಸರ್ಟಿಫಿಕೇಟು ಬೇರೆ ಅಂಟಿಸಿದರು. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಅದಕ್ಕೆ ಸಲಹೆ ಕೊಟ್ಟ ಆಯೋಗದ ಅಧ್ಯಕ್ಷರು ಸುಖದೇವ್ ಥೋರಟ್. ದೆಹಲಿಯ ಏಮ್ಸ್‌ನಲ್ಲಿ ಜಾತಿ ಕಾಟದ ಬಗ್ಗೆ 2007ರಲ್ಲಿ ವರದಿ ಕೊಟ್ಟವರೂ ಇವರೇ. ಪಾಠದಲ್ಲಿ, ಪರೀಕ್ಷೆಯಲ್ಲಿ, ಹಾಸ್ಟೆಲಿನಲ್ಲಿ ಜಾತಿ ಹೇಗೆ ಕೆಲಸ ಮಾಡುತ್ತೆ ಅಂತ ಆಗಲೇ ಬಿಡಿಸಿ ಬರೆದಿಟ್ಟಿದ್ದರು. ಕಾರ್ಯಕ್ರಮಗಳ ಹೆಸರು ಬದಲಾಗುತ್ತಿರುತ್ತೆ, ಆಂತರಿಕ ಅಂಕ ಮಾತ್ರ ಅದೇ ಮೇಷ್ಟ್ರ ಕೈಯಲ್ಲಿ. "ಯಾವೂರಪ್ಪ? ಊರಲ್ಲಿ ಯಾವ ಕಡೆ ಮನೆ?" ಅಂತ ಕೇಳಿ ಆಮೇಲೆ ಹಾಕುವ ಅಂಕಕ್ಕೆ ಯಾವ ಪರಿಹಾರ ಬೋಧನೆ ಇದೆ? ಕನ್ನಡದಲ್ಲಿ ಬಿ.ಎ. ಮುಗಿಸಿದವನ ಮುಂದೆ ಇಂಗ್ಲಿಷಿನ ಅರ್ಥಶಾಸ್ತ್ರ ಇಟ್ಟು ಇವನು ದಡ್ಡ ಅಂತಾರಲ್ಲ, ಪರಿಹಾರ ಬೇಕಾದದ್ದು ಯಾರಿಗೆ?

ಕಾನೂನು ಇಲ್ಲ ಅಂತಲ್ಲ. ಯುಜಿಸಿ 2012ರಲ್ಲೇ ನಿಯಮ ಮಾಡಿದೆ: ಪ್ರತಿ ವಿಶ್ವವಿದ್ಯಾಲಯದಲ್ಲೂ ಸಮಾನ ಅವಕಾಶ ಕೋಶ ಇರಬೇಕು, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕು. 2026ರ ಜನವರಿಯಲ್ಲಿ ಇನ್ನೊಂದು ಹೊಸ ನಿಯಮ ಬಂತು. ಮೇಲ್ಜಾತಿಯವರು ದುರ್ಬಳಕೆ ಆಗುತ್ತೆ ಅಂತ ಬೀದಿಗಿಳಿದರು. ಅದೇ ತಿಂಗಳು ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಬಳಕೆಯೇ ಆಗದ ನಿಯಮದ ದುರ್ಬಳಕೆಗೆ ಹೆದರುವವರನ್ನು ಏನನ್ನೋಣ!

ನಾನು ಪಟ್ಟಿ ಹಿಡಿದು ಕೊನೆಗೆ ಆ ಕೋಶಕ್ಕೂ ಹೋದೆ. ಬೋರ್ಡಿತ್ತು. ಬೀಗವೂ ಇತ್ತು. ಅಟೆಂಡರನ್ನು ಕೇಳಿದರೆ, "ಅದು ಇನ್ಸ್‌ಪೆಕ್ಷನ್ ಬಂದಾಗ ತೆಗೀತಾರೆ" ಅಂದ. ಕಿಟಕಿಯಲ್ಲಿ ಇಣುಕಿದೆ. ಹಳೇ ಉತ್ತರಪತ್ರಿಕೆಗಳ ಗಂಟು, ಒಂದು ಮುರಿದ ಬೆಂಚು, ಗೋಡೆಗೆ ಬಾಬಾಸಾಹೇಬರ ಫೋಟೋ, ಒಣಗಿದ ಹಾರ.

ಗೆಳೆಯರೆ, ಈ ಸಲ ಏಪ್ರಿಲ್ 14ಕ್ಕೆ ಹಾರದ ದುಡ್ಡಿನಲ್ಲಿ ಬಿಳೀ ಕಾಗದ ತನ್ನಿ. ಒಬ್ಬೊಬ್ಬರೂ ಒಂದೊಂದು ಅರ್ಜಿ ಬರೆಯಿರಿ. ನಮ್ಮ ತಾರತಮ್ಯ ವಿರೋಧಿ ಅಧಿಕಾರಿ ಯಾರು, ಅವರ ಕೋಣೆ ಎಲ್ಲಿ, 2012ರಿಂದ ಇಲ್ಲಿವರೆಗೆ ಎಷ್ಟು ದೂರು ಬಂದವು, ಎಷ್ಟು ತೀರ್ಮಾನವಾದವು, ಈ ವರ್ಷ ಎಷ್ಟು ಜನರ ಸ್ಕಾಲರ್‌ಶಿಪ್ಪು ಬಾಕಿ ಇದೆ, ಬಾಕಿ ಇರುವವರಿಂದ ಪರೀಕ್ಷಾ ಶುಲ್ಕ ಕೇಳಿದ್ದು ಯಾವ ಆದೇಶದ ಮೇಲೆ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಬಾಯಿ ಮಾತಿಗೆ ಹೋಗಬೇಡಿ, "ಆಯ್ತು ನೋಡೋಣ" ಅಂದರೆ ವಾಪಸು ಬರಬೇಡಿ. ಅರ್ಜಿಗೆ ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಟಪಾಲು ಸೀಲು, ತಾರೀಖು, ಸಹಿ ಹಾಕಿಸಿಕೊಂಡೇ ಮೆಟ್ಟಿಲಿಳಿಯಿರಿ.