ಹಸಿ ಕಾಳು ತಿಂದರೆ ಕ್ಯಾನ್ಸರ್ ಬರುವುದಿಲ್ಲವೇ? ಸೋಯಾ, ಹುರುಳಿಯ ಪ್ರೋಟೀನ್ ಕಥೆ ಇಲ್ಲಿದೆ

ಕಾಳುಗಳಲ್ಲಿ ಕ್ಯಾನ್ಸರ್ ತಡೆಯುವ ಪ್ರೋಟೀನ್ ಇದೆ, ಬೇಯಿಸಿದರೆ ಅದು ಹಾಳಾಗುತ್ತದೆ, ಆದ್ದರಿಂದ ಹಸಿಯಾಗಿಯೇ ತಿನ್ನಿ ಎನ್ನುವ ಸಲಹೆ ನಿಮ್ಮ ಮೊಬೈಲ್‌ಗೂ ಬರಬಹುದು. ಇದರಲ್ಲಿ ಸ್ವಲ್ಪ ನಿಜವಿದೆ. ಅದಕ್ಕೇ ಜನ ಸುಲಭವಾಗಿ ನಂಬುತ್ತಾರೆ. ನಿಜ ಎಷ್ಟು, ಸುಳ್ಳು ಎಷ್ಟು ಎಂದು ನೋಡೋಣ.

ಯಾವುದು ಈ ಪ್ರೋಟೀನ್?

ಇದರ ಹೆಸರು ಬೌಮನ್-ಬಿರ್ಕ್ ಇನ್‌ಹಿಬಿಟರ್. 1946ರಲ್ಲಿ ಬೌಮನ್ ಇದನ್ನು ಸೋಯಾದಲ್ಲಿ ಗುರುತಿಸಿದರು. ನಂತರ ಯೆಹುದಿತ್ ಬಿರ್ಕ್ ಶುದ್ಧೀಕರಿಸಿದರು. ನಮ್ಮ ಹುರುಳಿಯಲ್ಲೂ ಇದೇ ಬಗೆಯ ಪ್ರೋಟೀನ್ ಇದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅದರ ಅಧ್ಯಯನ ಮಾಡಿದ್ದಾರೆ.

ನಮ್ಮ ದೇಹದಲ್ಲಿ ಪ್ರೋಟೀನ್‌ಗಳನ್ನು ಕತ್ತರಿಸುವ ಕಿಣ್ವಗಳಿವೆ. ಇವೇ ಪ್ರೋಟಿಯೇಸ್‌ಗಳು. ಊಟ ಜೀರ್ಣವಾಗಲು ಬೇಕಾದ ಟ್ರಿಪ್ಸಿನ್ ಅಂಥದ್ದೊಂದು. ಬೌಮನ್-ಬಿರ್ಕ್ ಪ್ರೋಟೀನ್ ಟ್ರಿಪ್ಸಿನ್ ಮತ್ತು ಕೈಮೊಟ್ರಿಪ್ಸಿನ್ ಎರಡನ್ನೂ ಕಟ್ಟಿಹಾಕುತ್ತದೆ.

ಕ್ಯಾನ್ಸರ್‌ಗೂ ಇದಕ್ಕೂ ಏನು ಸಂಬಂಧ?

ಕ್ಯಾನ್ಸರ್ ಕೋಶಗಳು ಸುತ್ತಲಿನ ಅಂಗಾಂಶವನ್ನು ಸೀಳಿಕೊಂಡು ಹರಡಲು ಪ್ರೋಟಿಯೇಸ್‌ಗಳನ್ನು ಬಳಸುತ್ತವೆ. ಅವುಗಳನ್ನು ತಡೆದರೆ ಕ್ಯಾನ್ಸರನ್ನೂ ತಡೆಯಬಹುದೇ ಎಂಬ ಪ್ರಶ್ನೆ ಹುಟ್ಟಿದ್ದು ಹೀಗೆ. ಪ್ರಯೋಗಾಲಯದ ಕೋಶಗಳಲ್ಲಿ, ಪ್ರಾಣಿಗಳಲ್ಲಿ ಒಳ್ಳೆಯ ಫಲಿತಾಂಶವೂ ಬಂತು.

ಆದರೆ ಲೆಕ್ಕ ಅಷ್ಟು ಸರಳವಲ್ಲ. ನಮ್ಮ ದೇಹವೇ ತಯಾರಿಸುವ ಪಿಎಐ-1 ಕೂಡ ಪ್ರೋಟಿಯೇಸ್ ತಡೆಯುವ ಪ್ರೋಟೀನ್. ಆದರೂ ಸ್ತನ ಕ್ಯಾನ್ಸರ್ ಗಡ್ಡೆಯಲ್ಲಿ ಅದು ಹೆಚ್ಚಿದ್ದರೆ ರೋಗ ಮರುಕಳಿಸುವ ಅಪಾಯ ಹೆಚ್ಚು.

ಮನುಷ್ಯರಲ್ಲಿ ಪರೀಕ್ಷಿಸಿದಾಗ ಏನಾಯಿತು?

ಬಾಯಿಯೊಳಗೆ ಉಜ್ಜಿದರೂ ಹೋಗದ ಬಿಳಿ ಮಚ್ಚೆಗೆ ಲ್ಯೂಕೋಪ್ಲೇಕಿಯಾ ಎನ್ನುತ್ತಾರೆ. ಅದು ಕೆಲವರಲ್ಲಿ ಕ್ಯಾನ್ಸರ್ ಆಗಬಹುದು. ಅಮೆರಿಕದಲ್ಲಿ ಇಂಥ ರೋಗಿಗಳಿಗೆ ಸೋಯಾದಿಂದ ತೆಗೆದ ಈ ಪ್ರೋಟೀನ್‌ನ ಸಾಂದ್ರ ರೂಪವನ್ನು ಕೊಟ್ಟು ನೋಡಿದರು. ಮೊದಲ ಸಣ್ಣ ಪರೀಕ್ಷೆಯಲ್ಲಿ ಕೆಲವರ ಮಚ್ಚೆ ಕುಗ್ಗಿತು. ಆಮೇಲೆ ಒಂದು ಗುಂಪಿಗೆ ಈ ಔಷಧ, ಇನ್ನೊಂದು ಗುಂಪಿಗೆ ಔಷಧವಿಲ್ಲದ ಹುಸಿ ಮದ್ದು ಕೊಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಗುಂಪುಗಳಲ್ಲಿ ಮಚ್ಚೆ ಕುಗ್ಗಿತ್ತು, ಗಣನೀಯ ವ್ಯತ್ಯಾಸವೇ ಇರಲಿಲ್ಲ! ಹುಸಿ ಮದ್ದಿನ ಗುಂಪು ಇಲ್ಲದೇ ಹೋಗಿದ್ದರೆ ಎಲ್ಲರೂ ಸೋಯಾಕ್ಕೇ ಜೈ ಎನ್ನುತ್ತಿದ್ದರು.

ಹಸಿಯಾಗಿ ತಿಂದರೆ?

ಟ್ರಿಪ್ಸಿನ್ ಕೆಲಸ ನಿಂತರೆ ಪ್ರೋಟೀನ್ ಸರಿಯಾಗಿ ಜೀರ್ಣವಾಗುವುದಿಲ್ಲ. ಹಸಿ ಸೋಯಾ ಹಿಟ್ಟು ತಿಂದ ಇಲಿಗಳ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಕಾಳನ್ನು ನೆನೆಸಿ ಬೇಯಿಸಿದಾಗ ಈ ತಡೆ ಬಹಳಷ್ಟು ಕಡಿಮೆಯಾಗುತ್ತದೆ. ನಮ್ಮ ಅಜ್ಜಿಯರು ಹುರುಳಿಯನ್ನು ಬೇಯಿಸಿ ಬಸ್ಸಾರು ಮಾಡುತ್ತಿದ್ದುದು ಸರಿಯಾಗಿಯೇ ಇತ್ತು.

ನಾವು ಹೇಳುವುದಿಷ್ಟು

ಕಾಳು ಒಳ್ಳೆಯ ಆಹಾರ, ಬೇಯಿಸಿ ತಿನ್ನಿ. ಅದು ಕ್ಯಾನ್ಸರ್‌ಗೆ ಔಷಧವಲ್ಲ. ಬಾಯಿ ಕ್ಯಾನ್ಸರ್ ತಡೆಯಬೇಕೆಂದರೆ ಗುಟ್ಕಾ, ತಂಬಾಕು, ಅಡಿಕೆ ಜಗಿಯುವುದನ್ನು ಬಿಡಿ. ಬಾಯಲ್ಲಿ ಹುಣ್ಣು ಅಥವಾ ಮಚ್ಚೆ ಎರಡು ವಾರ ಕಳೆದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಹಸಿ ಕಾಳು ನಂಬಿ ಕೂತರೆ ಕಳೆದುಹೋಗುವುದು ಚಿಕಿತ್ಸೆಯ ಸಮಯ. ಫಾರ್ವರ್ಡ್ ಮಾಡುವುದಿದ್ದರೆ ಈ ಮಾತನ್ನು ಮಾಡಿ.