ಕೈಗಡಿಯಾರವೂ ಓಟಗಾರನೂ

ಓಡುವವರ ಮಣಿಕಟ್ಟಿನ ಮೇಲೆ ಈಗ ಹೊಸ ಬಗೆಯ ಗಡಿಯಾರವೊಂದು ಬಂದು ಕುಳಿತಿದೆ. ಮುಂಜಾನೆ ಮರೀನ್ ಡ್ರೈವಿಗಾಗಲಿ ಶಿವಾಜಿ ಪಾರ್ಕಿಗಾಗಲಿ ಹೋದವರಿಗೆ ಅದರ ಪರಿಚಯ ಇದ್ದೇ ಇರುತ್ತದೆ. ಹೊತ್ತನ್ನು ತೋರಿಸುವುದು ಅದರ ಕೆಲಸಗಳಲ್ಲಿ ಅತ್ಯಂತ ಚಿಕ್ಕದು. ಎಷ್ಟು ದೂರ ಓಡಿದೆವು, ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಹಿಡಿಯಿತು, ಎದೆ ಎಷ್ಟು ಸಲ ಬಡಿಯಿತು, ಯಾವ ಬೀದಿಯಲ್ಲಿ ತಿರುಗಿದೆವು ಎಂಬುದನ್ನೆಲ್ಲ ಅದು ಬರೆದಿಡುತ್ತದೆ. ನಮ್ಮ ಶಾಲೆಯ ಹುಡುಗ ಹುಡುಗಿಯರಲ್ಲಿಯೂ ಇದನ್ನು ಕೊಳ್ಳಬೇಕೆಂಬ ಆಸೆ ಹುಟ್ಟಿರುವುದು ಸಹಜವೇ. ಆ ಆಸೆಯನ್ನು ಹಳಿಯಲು ನಾನು ಈ ಲೇಖನವನ್ನು ಬರೆಯುತ್ತಿಲ್ಲ. ಅದನ್ನು ಯಾರು ಕೊಳ್ಳತಕ್ಕದ್ದು, ಹೇಗೆ ಬಳಸತಕ್ಕದ್ದು ಎಂಬ ವಿಷಯದಲ್ಲಿ ನನ್ನ ಅಭಿಪ್ರಾಯವು ಅಂಗಡಿಯವರ ಅಭಿಪ್ರಾಯಕ್ಕಿಂತ ಬೇರೆಯಾಗಿದೆ. ಅದನ್ನು ವಿದ್ಯಾರ್ಥಿ ಮಿತ್ರರ ಮುಂದಿಡುವುದಷ್ಟೇ ನನ್ನ ಉದ್ದೇಶ.

ಮೊದಲು ಯಂತ್ರದ ಗುಟ್ಟನ್ನು ತಿಳಿಯೋಣ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಅಮೆರಿಕದ ಕೆಲವು ಉಪಗ್ರಹಗಳು ಸುತ್ತುತ್ತಿವೆ. ಈ ಏರ್ಪಾಡಿಗೆ ಜಿ.ಪಿ.ಎಸ್. ಎಂದು ಹೆಸರು. ಸೈನ್ಯದ ಉಪಯೋಗಕ್ಕೆಂದು ಹುಟ್ಟಿದ ಇದರ ಮೊದಲ ಉಪಗ್ರಹ ಮೇಲೇರಿದುದು 1978ರಲ್ಲಿ. ನಾಗರಿಕರಿಗೆ ಸಿಗುವ ಸಂಕೇತವನ್ನು ಬಹುಕಾಲ ಬೇಕೆಂದೇ ಮಸುಕುಗೊಳಿಸಿ ಕೊಡುತ್ತಿದ್ದರು. ಆ ಮಸುಕನ್ನು ತೆಗೆದುದು 2000ದ ಮೇ ತಿಂಗಳಲ್ಲಿ. ಪ್ರತಿಯೊಂದು ಉಪಗ್ರಹದಲ್ಲಿಯೂ ಅತಿ ಸೂಕ್ಷ್ಮವಾದ ಪರಮಾಣು ಗಡಿಯಾರವಿದ್ದು, ಅದು ತನ್ನ ಸಮಯವನ್ನು ಎಡೆಬಿಡದೆ ಸಾರುತ್ತಿರುತ್ತದೆ. ರೇಡಿಯೋ ಅಲೆಯು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು ಸಾಗುವುದರಿಂದ, ಸಂಕೇತ ಎಷ್ಟು ತಡವಾಗಿ ತಲುಪಿತೆಂಬುದರ ಮೇಲೆ ನಮ್ಮ ಕೈಯ ಯಂತ್ರವು ಉಪಗ್ರಹದ ದೂರವನ್ನು ಲೆಕ್ಕ ಹಾಕುತ್ತದೆ. ಸ್ಥಾನ ತಿಳಿಯಲು ಮೂರು ಉಪಗ್ರಹಗಳು, ತನ್ನ ಗಡಿಯಾರದ ತಪ್ಪನ್ನು ತಿದ್ದಿಕೊಳ್ಳಲು ಇನ್ನೊಂದು, ಹೀಗೆ ಕನಿಷ್ಠ ಪಕ್ಷ ನಾಲ್ಕು ಬೇಕು. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ಲೆಕ್ಕ ತಪ್ಪಿದರೂ ದೂರದಲ್ಲಿ ಮುನ್ನೂರು ಮೀಟರು ತಪ್ಪುತ್ತದೆ! ನಮ್ಮ ದೇಶವೂ 2013ರಿಂದ ಇಂತಹ ಉಪಗ್ರಹಗಳನ್ನು ಹಾರಿಸತೊಡಗಿತು. ಅವುಗಳ ಲೆಕ್ಕವನ್ನು ನೋಡಿಕೊಳ್ಳುವ ಕೇಂದ್ರವನ್ನು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ ತೆರೆದರೆಂಬುದು ಕನ್ನಡ ಮಕ್ಕಳಿಗೆ ತಿಳಿದಿರಬೇಕಾದ ಮಾತು.

ಇಷ್ಟು ತಿಳಿದ ಮೇಲೆ ನಗರದಲ್ಲಿ ಈ ಗಡಿಯಾರವು ಏಕೆ ಸುಳ್ಳು ಹೇಳುತ್ತದೆಂಬುದು ತಾನಾಗಿ ಹೊಳೆಯುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತವು ನೇರವಾಗಿ ಬಾರದೆ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಸುತ್ತು ಹಾದಿಯಲ್ಲಿ ಬಂದ ಸಂಕೇತವನ್ನು ಯಂತ್ರವು ನೇರ ಹಾದಿಯದೆಂದು ನಂಬುತ್ತದೆ. ಆದುದರಿಂದ ಫೋರ್ಟಿನ ಗಲ್ಲಿಯಲ್ಲಿ ಓಡಿದವನ ಜಾಡು ನಕ್ಷೆಯಲ್ಲಿ ಒಮ್ಮೊಮ್ಮೆ ಮನೆಗಳ ಮೇಲೆಯೇ ಹಾದುಹೋಗಿರುತ್ತದೆ. ಮೇಲುಸೇತುವೆಯ ಅಡಿಯಲ್ಲಂತೂ ಕೇಳುವುದೇ ಬೇಡ. ಈಚಿನ ಬೆಲೆಯುಳ್ಳ ಗಡಿಯಾರಗಳು ಉಪಗ್ರಹದಿಂದ ಎರಡು ಬೇರೆ ಬೇರೆ ಕಂಪನಾಂಕಗಳನ್ನು ಹಿಡಿದು ಈ ದೋಷವನ್ನು ಬಹುಮಟ್ಟಿಗೆ ಕಡಿಮೆ ಮಾಡುತ್ತವೆ, ಪೂರ್ತಿಯಾಗಿ ಕಳೆಯಲಾರವು. ಮಾರಥಾನ್ ಓಡಿದವರು ಕೊನೆಯಲ್ಲಿ ತಮ್ಮ ಗಡಿಯಾರ 42.195 ಕಿಲೋಮೀಟರಿಗಿಂತ ಹೆಚ್ಚು ತೋರಿಸಿತೆಂದು ಹಾದಿಯನ್ನು ಅಳೆದವರನ್ನು ದೂರುವುದುಂಟು. ಹಾದಿಯನ್ನಾದರೋ ಸೈಕಲ್ ಚಕ್ರಕ್ಕೆ ಎಣಿಸುವ ಯಂತ್ರವನ್ನು ಕಟ್ಟಿ, ತಿರುವುಗಳಲ್ಲಿ ಅತ್ಯಂತ ಹತ್ತಿರದ ದಾರಿ ಹಿಡಿದು ಅಳೆದಿರುತ್ತಾರೆ. ಜನರ ನಡುವೆ ಅತ್ತಿತ್ತ ಸರಿದು ಓಡಿದವನು ಹೆಚ್ಚು ಓಡಿಯೇ ಇರುತ್ತಾನೆ; ಉಳಿದದ್ದು ಗಡಿಯಾರದ ತಪ್ಪು.

ಕೊಳ್ಳುವವರು ಹಾಗಾದರೆ ಏನನ್ನು ನೋಡಬೇಕು? ಯಂತ್ರದಲ್ಲಿ ಸ್ವಂತ ಜಿ.ಪಿ.ಎಸ್. ಇದೆಯೇ ಎಂಬುದನ್ನು ಮೊಟ್ಟಮೊದಲು ಕೇಳತಕ್ಕದ್ದು. ಕಡಿಮೆ ಬೆಲೆಯ ಅನೇಕ ಪಟ್ಟಿಗಳಲ್ಲಿ ಅದು ಇರುವುದಿಲ್ಲ. ಜೇಬಿನ ಮೊಬೈಲಿನಿಂದ ಸಾಲ ಪಡೆದು ಅವು ದೂರ ಹೇಳುತ್ತವೆ. ಮೊಬೈಲನ್ನು ಹೊತ್ತೇ ಓಡಬೇಕಾದರೆ ಮಣಿಕಟ್ಟಿಗೆ ಇನ್ನೊಂದು ಭಾರ ಏಕೆ? ಬಿಸಿಲಿನಲ್ಲಿ ಓದಲು ಬರುವ ಮುಖ, ಬೆವರಿನ ಬೆರಳಿಗೂ ಮಣಿಯುವ ಒತ್ತುಗುಂಡಿ, ಜಿ.ಪಿ.ಎಸ್. ನಡೆಯುತ್ತಿರುವಾಗ ವಿದ್ಯುತ್ಕೋಶ ಎಷ್ಟು ಗಂಟೆ ಬಾಳುತ್ತದೆಂಬ ಲೆಕ್ಕ, ಇವು ಮುಖ್ಯ. ಸಂಗೀತ, ಬಣ್ಣ, ನಿದ್ದೆಗೆ ಅಂಕ ಕೊಡುವ ಚಮತ್ಕಾರ ಇವೆಲ್ಲ ಬೆಲೆ ಏರಿಸುವ ಸಾಧನಗಳು. ಓಡುವಾಗ ಆ ಕ್ಷಣದ ವೇಗವನ್ನು ನೋಡುತ್ತಿರಬಾರದು, ಅದು ಕೋತಿಯಂತೆ ಜಿಗಿಯುತ್ತಿರುತ್ತದೆ. ಒಂದೊಂದು ಕಿಲೋಮೀಟರಿನ ಸರಾಸರಿಯನ್ನು ಮಾತ್ರ ನಂಬಬಹುದು. ಎದೆಬಡಿತವನ್ನು ಅದು ಚರ್ಮದ ಮೇಲೆ ಹಸಿರು ಬೆಳಕು ಚೆಲ್ಲಿ ರಕ್ತದ ಏರಿಳಿತದಿಂದ ಊಹಿಸುತ್ತದೆ. ಪಟ್ಟಿ ಸಡಿಲವಾಗಿದ್ದರೆ ಕಾಲಿನ ಹೆಜ್ಜೆಯನ್ನೇ ಎದೆಯ ಬಡಿತವೆಂದು ಎಣಿಸುವುದೂ ಉಂಟು.

ನಡೆಯುವವರ ವಿಷಯದಲ್ಲಿ ಒಂದು ಮಾತು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಸಂಖ್ಯೆ ವೈದ್ಯರ ಸಂಶೋಧನೆಯಿಂದ ಹುಟ್ಟಿದ್ದೆಂದು ಹಲವರು ತಿಳಿದಿದ್ದಾರೆ. 1965ರಲ್ಲಿ ಜಪಾನಿನ ಕಂಪೆನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರಕ್ಕೆ 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬರ್ಥದ ಹೆಸರಿಟ್ಟರು. ಆ ಹೆಸರೇ ಜಗತ್ತಿನ ನಿಯಮವಾಯಿತು. ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಓದಿದ ಹಿರಿಯರು ಮೇಜಿನಿಂದ ಮೇಜಿಗೆ ಎಷ್ಟು ಸಾವಿರ ಹೆಜ್ಜೆ ಹಾಕಿದರೋ ಎಣಿಸಿದವರು ಯಾರು?

ನನ್ನ ಮುಖ್ಯವಾದ ಮಾತು ಇಲ್ಲಿಂದ ಆರಂಭವಾಗುತ್ತದೆ. ಆಟಗಳಲ್ಲೆಲ್ಲ ಓಟವೊಂದೇ ಬಡವನ ಮಗನಿಗೂ ಧನಿಕನ ಮಗನಿಗೂ ಒಂದೇ ಗೆರೆಯ ಮೇಲೆ ನಿಲ್ಲುವ ಅವಕಾಶ ಕೊಡುತ್ತದೆ. ಇಥಿಯೋಪಿಯದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸಿನಲ್ಲಿ ಬರಿಗಾಲಿನಲ್ಲಿಯೇ ಮಾರಥಾನ್ ಗೆದ್ದನು. ಹತ್ತಾರು ಸಾವಿರ ರೂಪಾಯಿಯ ಗಡಿಯಾರವಿಲ್ಲದವನು ಓಟಗಾರನೇ ಅಲ್ಲವೆಂಬ ಭಾವನೆ ಮಕ್ಕಳಲ್ಲಿ ಬೇರೂರಿದರೆ, ತಿಂಗಳ ಸಂಬಳದಲ್ಲಿ ಮನೆ ಬಾಡಿಗೆಯನ್ನೂ ಲೋಕಲ್ ರೈಲಿನ ಪಾಸನ್ನೂ ಹೊಂದಿಸುವ ತಂದೆತಾಯಿಗಳ ಮೇಲೆ ಅದೊಂದು ಹೊಸ ಹೊರೆ. ಕೇಳಲು ನಾಚಿ ಮೈದಾನಕ್ಕೆ ಬರುವುದನ್ನೇ ಬಿಡುವ ಹುಡುಗಿಗೆ ಅದಕ್ಕಿಂತ ದೊಡ್ಡ ಅನ್ಯಾಯ.

ಹಾಗೆಂದು ಗಡಿಯಾರದಿಂದ ಪ್ರಯೋಜನವೇ ಇಲ್ಲವೆನ್ನುವಂತಿಲ್ಲ. ಫಿನ್ಲೆಂಡಿನ ಪಾವೋ ನೂರ್ಮಿಯನ್ನು ನೆನೆಯಿರಿ. ಆತನು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದೇ ಓಡುತ್ತಿದ್ದನು. ಮೊದಲ ಸುತ್ತಿನಲ್ಲಿ ಆವೇಶದಿಂದ ಹಾರಿ ಕೊನೆಯಲ್ಲಿ ಏದುಸಿರು ಬಿಡುವವರ ನಡುವೆ, ಸುತ್ತು ಸುತ್ತಿಗೂ ಒಂದೇ ಕಾಲವನ್ನು ಕಾಯ್ದುಕೊಳ್ಳುವುದೇ ಆತನ ವಿದ್ಯೆ. 1924ರ ಪ್ಯಾರಿಸ್ ಒಲಿಂಪಿಕ್ಸಿನ 1500 ಮೀಟರು ಓಟದಲ್ಲಿ, ಪಂದ್ಯ ಮುಗಿಯುವ ಮೊದಲೇ ಗಡಿಯಾರವನ್ನು ಹುಲ್ಲಿನ ಮೇಲೆ ಎಸೆದು ಓಡಿ ಗೆದ್ದನು. ಎರಡು ಗಂಟೆಯೊಳಗೆ 5000 ಮೀಟರಿನ ಓಟವನ್ನೂ ಗೆದ್ದನು. ಆ ಹೊತ್ತಿಗೆ ಅವನ ಕಾಲುಗಳೇ ಕಾಲವನ್ನು ಬಲ್ಲವಾಗಿದ್ದುವು. ನಮ್ಮ ಮಕ್ಕಳಿಗೂ ಗಡಿಯಾರ ಬೇಕಾದುದು ಇಷ್ಟಕ್ಕೇ.

ಇನ್ನೊಂದು ಎಚ್ಚರಿಕೆ. ಓಡಿದ ಜಾಡನ್ನು ಎಲ್ಲರಿಗೂ ಕಾಣುವಂತೆ ಅಂತರ್ಜಾಲಕ್ಕೆ ಏರಿಸುವ ಚಟ ಒಳ್ಳೆಯದಲ್ಲ. ಸ್ಟ್ರಾವಾ ಎಂಬ ಸಂಸ್ಥೆ 2017ರಲ್ಲಿ ತನ್ನ ಬಳಕೆದಾರರ ಓಟಗಳನ್ನೆಲ್ಲ ಸೇರಿಸಿ ಜಗತ್ತಿನ ನಕ್ಷೆಯೊಂದನ್ನು ಪ್ರಕಟಿಸಿತು. ಮರುವರ್ಷದ ಜನವರಿಯಲ್ಲಿ ಅದನ್ನು ನೋಡಿದವರಿಗೆ ಅಫಘಾನಿಸ್ತಾನ, ಸಿರಿಯಾಗಳಲ್ಲಿ ಸೈನಿಕರ ನೆಲೆಗಳ ಆಕಾರವೇ ಹೊಳೆಯುವ ಗೆರೆಗಳಾಗಿ ಕಂಡಿತು. ಸೈನಿಕರ ಗುಟ್ಟೇ ಬಯಲಾದ ಮೇಲೆ, ದಿನವೂ ಒಂದೇ ಬಾಗಿಲಿನಿಂದ ಒಂದೇ ಹೊತ್ತಿಗೆ ಹೊರಡುವ ಶಾಲೆಯ ಹುಡುಗಿಯ ಮನೆ ಗುಟ್ಟಾಗಿ ಉಳಿದೀತೇ?

ಆದುದರಿಂದ ಗಡಿಯಾರವನ್ನು ಮಕ್ಕಳು ಕೊಳ್ಳಬಾರದು, ಶಾಲೆ ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಸಾಧಾರಣ ಬೆಲೆಯ ಎರಡೋ ಮೂರೋ ಗಡಿಯಾರಗಳು ಆಟದ ಸಾಮಾನುಗಳ ಕಪಾಟಿನಲ್ಲಿ ಚೆಂಡು, ಹಗ್ಗಗಳ ಜೊತೆಗೆ ಇರಲಿ. ಹಲವರು ಕಟ್ಟುವ ಗಡಿಯಾರಕ್ಕೆ ಒಬ್ಬೊಬ್ಬರ ವಯಸ್ಸು, ತೂಕ ತಿಳಿಯದಾದ್ದರಿಂದ ಅದು ಹೇಳುವ ಕ್ಯಾಲೊರಿ ಮೊದಲಾದುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ದೂರ, ಕಾಲ ಎರಡೇ ಸಾಕು. ಮೊದಲು ಮೈದಾನದ ಸುತ್ತಳತೆಯನ್ನು ಟೇಪು ಹಿಡಿದು ವಿದ್ಯಾರ್ಥಿಗಳೇ ಅಳೆಯಲಿ. ಬಳಿಕ ಗಡಿಯಾರ ಕಟ್ಟಿ, ಬಯಲಿನಲ್ಲಿ ನಿಂತು ಅದು ಉಪಗ್ರಹಗಳನ್ನು ಹಿಡಿಯುವ ತನಕ ತಾಳ್ಮೆಯಿಂದ ಕಾದು, ಹತ್ತು ಸುತ್ತು ಓಡಿ ಎರಡು ಲೆಕ್ಕಗಳಿಗೂ ಎಷ್ಟು ಅಂತರವೆಂದು ನೋಡಲಿ. ಮುಂದಿನ ವಾರ ಗಡಿಯಾರದ ಮುಖವನ್ನು ಕರವಸ್ತ್ರದಿಂದ ಮುಚ್ಚಿ ಓಡಿ, ಎಷ್ಟು ನಿಮಿಷವಾಯಿತೆಂದು ಮೊದಲು ಬಾಯಿಯಿಂದ ಹೇಳಿ, ಆಮೇಲೆ ಬಟ್ಟೆ ಸರಿಸಿ ನೋಡಲಿ. ಪ್ರತಿಯೊಬ್ಬರ ಊಹೆಯನ್ನೂ ಗಡಿಯಾರದ ಲೆಕ್ಕವನ್ನೂ ಒಂದು ನೋಟುಬುಕ್ಕಿನಲ್ಲಿ ಎದುರುಬದುರಾಗಿ ಬರೆದಿಡಬೇಕು. ಗಡಿಯಾರವನ್ನು ಹಿಂದಿರುಗಿಸುವವರು ಪಟ್ಟಿಯ ಬೆವರನ್ನು ಸಿಹಿನೀರಿನಲ್ಲಿ ತೊಳೆದು, ಒರಸಿ ಇಡತಕ್ಕದ್ದು.